ಕೊನೆಯ ಎಂಟು ಪುಟ

ಸ್ವಲ್ಪ ತಡೆಯಿರಿ, ಪುಟ ತಿರುಗಿಸಬೇಡಿ. ಹೇಳಲಿಕ್ಕಿರುವುದು ನಿಂತುಹೋದ ಒಂದು ಜಪಾನಿ ಪತ್ರಿಕೆಯ ವಿಷಯವಾದರೂ ಕೊನೆಗೆ ಅದು ಬಂದು ನಿಲ್ಲುವುದು ನಮ್ಮ ಊಟದ ತಟ್ಟೆಯಲ್ಲೇ.

ದೋಹಾದ ಓಲ್ಡ್ ಏರ್‌ಪೋರ್ಟ್ ಬಳಿ ನಮ್ಮ ಫ್ಲ್ಯಾಟು. ನನ್ನ ತಂದೆ ಒಬ್ಬ ಜಪಾನಿ ಇಂಜಿನಿಯರರ ಕಾರು ಓಡಿಸುತ್ತಿದ್ದರು. ಆ ಮನೆಯ ಹುಡುಗನಿಗೆ ಊರಿಂದ ತಿಂಗಳಿಗೊಂದು ಮಾಂಗಾ ಪತ್ರಿಕೆ ಬರುತ್ತಿತ್ತು: ಹದಿಹರೆಯದ ಗಂಡುಮಕ್ಕಳಿಗೆಂದೇ ಮಾಡಿದ, ಇಟ್ಟಿಗೆಯಷ್ಟು ದಪ್ಪದ ಚಿತ್ರಕಥೆಗಳ ಕಟ್ಟು. ಅವನು ಓದಿ ಬಿಸಾಡಿದ್ದು ನನ್ನ ಮಂಚಕ್ಕೆ ಬರುತ್ತಿತ್ತು. ಬಲದಿಂದ ಎಡಕ್ಕೆ ಓದಬೇಕು. ಮದ್ರಸದಲ್ಲಿ ಅರಬ್ಬಿ ಕಲಿತವನಿಗೆ ಅದೇನು ಮಹಾ! ಭಾಷೆ ಮಾತ್ರ ಕಷ್ಟ. ಕ್ಲಿಷ್ಟ ಅಕ್ಷರಗಳ ಪಕ್ಕದಲ್ಲಿ ಉಚ್ಚಾರವನ್ನು ಪುಟಾಣಿ ಲಿಪಿಯಲ್ಲಿ ಬರೆದಿರುತ್ತಾರೆ. ಆ ಇರುವೆ ಸಾಲನ್ನು ಹಿಡಿದು, ಮೊಬೈಲು ಪಕ್ಕದಲ್ಲಿಟ್ಟುಕೊಂಡು, ಪುಟಕ್ಕೊಂದು ಸಂಜೆಯಂತೆ ಒಬ್ಬನೇ ಕಲಿತೆ. ಓದಿದ್ದು ಒಂದೇ ಕಥೆ, ಸದಾ ಸೋಲುವ ಕುಳ್ಳ ಗೋಲ್‌ಕೀಪರನದು. ಹಾಗಾಗಿ ಪೆನಾಲ್ಟಿ ಕಿಕ್ ಬಗ್ಗೆ ಜಪಾನಿಯಲ್ಲಿ ಸರಾಗ ಮಾತಾಡಬಲ್ಲೆ. ಯಾರಾದರೂ ಊಟವಾಯಿತಾ ಎಂದರೆ ತಡಬಡಾಯಿಸುತ್ತೇನೆ.

ಒಂದು ಸಂಚಿಕೆಯ ಮೊದಲ ಪುಟದಲ್ಲೇ ಇತ್ತು: ಇದು ಕೊನೆಯದು. ಪತ್ರಿಕೆ ನಿಂತಿತು. ಆ ಕುಟುಂಬ ಜಪಾನಿಗೆ ಮರಳಿತು, ತಂದೆ ಬೇರೆಯವರ ಕಾರು ಹಿಡಿದರು. ಗೋಲ್‌ಕೀಪರನ ಕೊನೆಯ ಪೆನಾಲ್ಟಿಯ ಎಂಟು ಪುಟ ಬಾಕಿಯಿರುವಾಗ ನಾನು ಓದು ನಿಲ್ಲಿಸಿದೆ. ಓದಿಬಿಟ್ಟರೆ ಖಲಾಸ್ ಆಗುತ್ತದಲ್ಲ! ಇಣುಕಿಯೂ ನೋಡಲಿಲ್ಲ. ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ ಎನ್ನುತ್ತ ಎರಡು ವರ್ಷ ಮಂಚದಡಿ ಇಟ್ಟೆ.

ಗಲ್ಫಿನಲ್ಲಿ ಊರಿಗೆ ಕಾರ್ಗೋ ಪೆಟ್ಟಿಗೆ ಕಟ್ಟುವುದೂ ಒಂದು ವಿದ್ಯೆ. ಹಾಲುಪುಡಿ, ಸಾಬೂನು, ಕಂಬಳಿ, ನಡುವೆ ಗಾಜಿನ ಸೆಟ್ಟು, ಸಂದುಗೊಂದಿಗೆಲ್ಲ ಕಾಗದ. ಉಳ್ಳಾಲದಲ್ಲಿ ಹೊಸ ಮನೆ ಹೊಕ್ಕ ಅಕ್ಕನಿಗೆಂದು ನನ್ನ ತಾಯಿ, ಉಮ್ಮ, ಪೆಟ್ಟಿಗೆ ಕಟ್ಟಿ ಕಳಿಸಿದ ದಿನ ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಮಂಚದಡಿ ಖಾಲಿ.

“ಉಮ್ಮಾ, ನನ್ನ ಬುಕ್ಕು?”

“ಅದೆಂತ ಬುಕ್ಕು ಮೋನೆ, ಒಂದು ಎಬಿಸಿಡಿ ಇಲ್ಲದ್ದು! ಎರಡು ವರ್ಷದಲ್ಲಿ ನೀನು ಅದನ್ನು ಮುಟ್ಟಿದ್ದು ನಾನು ನೋಡಲಿಲ್ಲ. ಪ್ಲೇಟಿಗೆ ಸುತ್ತಲಿಕ್ಕೆ ಒಳ್ಳೆ ದಪ್ಪ ಕಾಗದ.”

ಮುಟ್ಟಿರಲಿಲ್ಲ, ನಿಜ.

ಪೆಟ್ಟಿಗೆ ಹಡಗಿನಲ್ಲಿ ಊರು ಮುಟ್ಟಲು ತಿಂಗಳ ಮೇಲಾಯಿತು. ಅಷ್ಟರಲ್ಲಿ ಇಂಟರ್‌ನೆಟ್ಟಿನಲ್ಲಿ ಜಾಲಾಡಿದೆ. ಕಥೆ ಪುಸ್ತಕವಾಗಿಯೂ ಬಂದಿರಲಿಲ್ಲ. ಆ ಸಂಚಿಕೆಯ ಮುಖಪುಟದ ಒಂದು ಫೋಟೋ ಸಿಕ್ಕಿತು, ಅಷ್ಟೆ. ಕಾಗದ ಬಿಸಾಡಬೇಡ ಎಂದು ಅಕ್ಕನಿಗೆ ದಿನಾ ವಾಯ್ಸ್ ಮೆಸೇಜು. ಪೆಟ್ಟಿಗೆ ಬಂದ ದಿನ ಅವಳೇ ವಿಡಿಯೋ ಕಾಲ್ ಮಾಡಿದಳು.

“ಹನ್ನೆರಡು ಪ್ಲೇಟೂ ಉಂಟು, ಒಂದೂ ಒಡೆಯಲಿಲ್ಲ. ಆದರೆ ಪೆಟ್ಟಿಗೆಗೆ ನೀರು ಹೋಗಿದೆ ಮಾರಾಯ. ನಿನ್ನ ಕಾಗದ ಇಡ್ಲಿ ಹಿಟ್ಟಿನ ಹಾಗಾಗಿದೆ. ಒಂದು ಮಾತ್ರ ಪ್ಲೇಟಿಗೆ ಅಂಟಿಕೊಂಡಿದೆ, ತೋರಿಸ್ಲಾ?”

ನಾನು ನೋಡಿರದ ಪುಟ. ಗೋಲ್‌ಕೀಪರ್ ಗಾಳಿಯಲ್ಲಿದ್ದಾನೆ, ಚೆಂಡು ಅವನ ಬೆರಳಿನಿಂದ ಒಂದು ಗೇಣು ದೂರ.

“ಹಿಡೀತಾನಾ?” ಅಕ್ಕ ಕೇಳಿದಳು.

“ಗೊತ್ತಿಲ್ಲ.”

“ಮತ್ತೆ ಎರಡು ವರ್ಷ ಎಂತ ಮಾಡ್ತಿದ್ದೆ?”

ಜಪಾನಿನಲ್ಲಿ ಆ ಒರಟು ಕಾಗದ ಓದಿ ಬಿಸಾಡಲಿಕ್ಕೆಂದೇ ಇರುವುದಂತೆ. ಬಿಸಾಡಿದವರಿಗೆಲ್ಲ ಕಥೆಯ ಕೊನೆ ಗೊತ್ತು. ಜೋಪಾನ ಮಾಡಿದ ನನಗೆ ಗೊತ್ತಿಲ್ಲ.

ಮೊನ್ನೆ ರಜೆಗೆ ಹೋದಾಗ ಅಕ್ಕ ಅದೇ ತಟ್ಟೆಯಲ್ಲಿ ತುಪ್ಪದನ್ನ ಬಡಿಸಿದಳು. ತಟ್ಟೆ ಫಳಫಳ ಹೊಳೆಯುತ್ತಿತ್ತು, ಮಸಿಯ ಒಂದು ಗೆರೆಯೂ ಉಳಿದಿರಲಿಲ್ಲ. “ಇದನ್ನಾದರೂ ಮಂಚದಡಿ ಇಡಬೇಡ, ಬಿಸಿ ಇರುವಾಗಲೇ ತಿನ್ನು,” ಎಂದಳು. ತಿಂದೆ.

ನೀವೂ ಆಮೇಲೆ ಎಂದು ಎತ್ತಿಟ್ಟು ಕಳೆದುಕೊಂಡದ್ದು ಏನಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಆ ಚೆಂಡು ಏನಾಯಿತೆಂದು ಗೊತ್ತಿರುವವರಂತೂ ನಾಳೆಗೆ ಇಡಬೇಡಿ, ಇವತ್ತೇ ಬರೆಯಿರಿ.