ಚೆನ್ನೈಗೆ ತಿರುಗಿದ ವಿಮಾನ, ಎಡಕ್ಕೆ ಬಿದ್ದ ಹೂವು

ಹೋದ ವರ್ಷ ದಸರೆಗೆ ಮುಂಚೆ ನನ್ನ ಒಂಬತ್ತು ವರ್ಷದ ಮಗಳು ಚೈತ್ರ ಎಲೆಕ್ಟ್ರಾನಿಕ್ ಸಿಟಿಯ ಒಂದು ಆಸ್ಪತ್ರೆಯ ಗಾಜಿನ ಕೋಣೆಯಲ್ಲಿದ್ದಳು. ರಕ್ತದ ಕ್ಯಾನ್ಸರ್. ಔಷಧಿ ಕೊಟ್ಟು ಅವಳ ಅಸ್ಥಿಮಜ್ಜೆಯನ್ನೆಲ್ಲ ಸುಟ್ಟಿದ್ದರು. ಅದರ ಜಾಗಕ್ಕೆ ಜರ್ಮನಿಯ ಯಾರೋ ಪುಣ್ಯಾತ್ಮರು ಕೊಟ್ಟ ಜೀವಕೋಶಗಳು ತಣ್ಣನೆಯ ಪೆಟ್ಟಿಗೆಯಲ್ಲಿ ಬರಬೇಕಿತ್ತು. ಅವು ಕೆಡುವ ಮೊದಲು ಬಾರದಿದ್ದರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಆದರೂ ನನಗೆ ಅರ್ಥವಾಗಿತ್ತು.

ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಏಳು ಸಾವಿರ ಚಿಲ್ಲರೆ ಕಿಲೋಮೀಟರ್, ಒಂಬತ್ತು ಗಂಟೆ ಹಾರಾಟ ಎಂದರು ನನ್ನ ಗಂಡ. ನಮ್ಮ ದೊಡ್ಡನೆಕ್ಕುಂದಿಯಿಂದ ವಿಮಾನ ನಿಲ್ದಾಣಕ್ಕೆ ಹೋಗಿಬರುವುದೇ ಅರ್ಧ ದಿನದ ಕೆಲಸ. ಅಷ್ಟು ದೂರ ಇಷ್ಟು ಬೇಗ ಹೇಗೆ ಎಂದು ನನ್ನ ತಲೆಗೇ ಹೋಗಲಿಲ್ಲ.

ಪೆಟ್ಟಿಗೆ ಬರುವ ದಿನ ಬೆಳಿಗ್ಗೆ ಅತ್ತೆಯ ಜೊತೆ ಊರಮ್ಮನ ಗುಡಿಗೆ ಹೋದೆ. ನಮ್ಮಲ್ಲಿ ಅಮ್ಮನ ಮೇಲೆ ಹೂವಿಟ್ಟು ಪ್ರಶ್ನೆ ಕೇಳುವ ಪದ್ಧತಿ. ಹೂವು ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ನಮ್ಮ ಮನೆಯ ಬಾಡಿಗೆಯವರ ಪಾರ್ಸೆಲ್ ತರುವವರಿಗೆ ಫೋನಿನಲ್ಲಿ ದಾರಿ ಹೇಳಿ ಹೇಳಿ ನನಗೆ ಅಭ್ಯಾಸ. ಅಮ್ಮನಿಗೂ ಹಾಗೇ ಹೇಳಿದೆ.

"ತಾಯಿ, ವಿಮಾನ ಬೆಂಗಳೂರಲ್ಲಿ ಇಳೀಬೇಕು. ಅಲ್ಲಿಂದ ಹೆಬ್ಬಾಳ, ರಿಂಗ್ ರೋಡು, ಬೆಳ್ಳಂದೂರು, ಆಮೇಲೆ ಆಸ್ಪತ್ರೆ. ಇಳಿಯುತ್ತಾ?"

ಹೂವು ಎಡಕ್ಕೆ ಬಿತ್ತು. ಇನ್ನೊಂದು ಹೂವಿಗೆ ಕೈ ಹಾಕಿದೆ. "ಅಂಗೆಲ್ಲಾ ಎರಡೆರಡು ಸಲ ಕೇಳ್ಬಾರ್ದು ಕಣಮ್ಮ," ಎಂದು ಅತ್ತೆ ಕೈ ಹಿಡಿದರು.

ಆಸ್ಪತ್ರೆ ಸೇರುವಷ್ಟರಲ್ಲಿ ಜೋರು ಮಳೆ. ಗಂಡನ ಮೊಬೈಲಿನ ನಕ್ಷೆಯಲ್ಲಿ ವಿಮಾನ ನಮ್ಮ ತಲೆಯ ಮೇಲೇ ಸುತ್ತು ಹಾಕುತ್ತಿತ್ತು. ನೋಡನೋಡುತ್ತ ಪೂರ್ವಕ್ಕೆ ತಿರುಗಿತು. ನರ್ಸ್ ಬಂದು, "ಮೇಡಂ, ಫ್ಲೈಟ್ ಚೆನ್ನೈಗೆ ಹೋಗ್ತಿದೆ," ಎಂದಳು. ಅಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಸಮುದ್ರ ದಾಟಿಸಿದವಳಿಗೆ ದೇವನಹಳ್ಳಿಯಲ್ಲಿ ಇಳಿಸಲು ಏನು ಕಷ್ಟ ಎಂದೆ.

ಸ್ವಲ್ಪ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಪೆಟ್ಟಿಗೆ ತರುತ್ತಿದ್ದವರು ಚೆನ್ನೈಯಲ್ಲೇ ಇಳಿದು ಕಾರು ಹತ್ತಿದ್ದರು. ಇನ್ನೂ ದೂರವಾಯಿತಲ್ಲ ಎಂದರು ಅತ್ತೆ. "ಇಲ್ಲಮ್ಮ, ಆ ರೋಡು ಹೊಸೂರು, ಅತ್ತಿಬೆಲೆ ಮೇಲೆ ನೇರ ಇಲ್ಲಿಗೇ ಬರತ್ತೆ. ಸಿಟಿ ಒಳಗೆ ಹೋಗೋದೇ ಬೇಡ," ಎಂದರು ಗಂಡ. ಆ ಹೊತ್ತಿಗೆ ಬೆಳ್ಳಂದೂರಿನ ರಿಂಗ್ ರೋಡು ನೀರಲ್ಲಿ ಮುಳುಗಿ, ನಾನು ಅಮ್ಮನಿಗೆ ಹೇಳಿಕೊಟ್ಟ ದಾರಿಯಲ್ಲಿ ವಾಹನಗಳೆಲ್ಲ ನಿಂತಲ್ಲೇ ನಿಂತಿದ್ದವು. ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ಬಂತು. ಅಂದೇ ಆ ಜೀವಕೋಶಗಳನ್ನು ಮಗಳಿಗೆ ಏರಿಸಿದರು.

ಎಲ್ಲ ಅದೃಷ್ಟ ಎನ್ನುತ್ತಾರೆ ನನ್ನ ಗಂಡ. ನನಗೆ ಮಾತ್ರ ಬಹಳ ದಿನ ಗೊಂದಲ. ಅಮ್ಮ ಇಲ್ಲ ಎಂದಿದ್ದಳು, ಮಗು ಉಳಿಯಿತು. ಹಾಗಾದರೆ ಅವಳ ಮಾತು ಸುಳ್ಳಾಯಿತೇ? ಕೊನೆಗೆ ಪೂಜಾರಿಯವರನ್ನೇ ಕೇಳಿದೆ.

"ವಿಮಾನ ಬೆಂಗಳೂರಲ್ಲಿ ಇಳಿಯುತ್ತಾ ಅಂದೆ, ಇಲ್ಲ ಅಂದ್ಲು. ಇಳೀಲಿಲ್ವಲ್ಲ. ಮಗೀನ ವಿಷ್ಯ ನೀನೆಲ್ಲಮ್ಮ ಕೇಳ್ದೆ?"

ಕೇಳಿರಲಿಲ್ಲ. ಒಂಬತ್ತು ತಿಂಗಳು ಹೊತ್ತವಳು, ಮಗುವನ್ನು ಬಿಟ್ಟು ವಿಮಾನದ ವಿಷಯ ಕೇಳಿದ್ದೆ. ಕೇಳದೇ ಇದ್ದದ್ದನ್ನು ಅಮ್ಮ ಕೊಟ್ಟಿದ್ದಳು.

ಈ ದಸರೆಗೆ ಚೈತ್ರಳನ್ನು ಗುಡಿಗೆ ಕರೆದುಕೊಂಡು ಹೋಗಿದ್ದೆ. ಮತ್ತೆ ಬೆಳೆದ ಕೂದಲಿಗೆ ಮಲ್ಲಿಗೆ ಮುಡಿದಿದ್ದಳು. ಅಮ್ಮನ ಮೇಲೆ ಹೂವಿಟ್ಟೆ. ಏನೂ ಕೇಳಲಿಲ್ಲ. ಅದು ಯಾವ ಕಡೆ ಬಿತ್ತು ಎಂದು ನೋಡದೆ, ಮಗಳ ಕೈ ಹಿಡಿದು ಮನೆಗೆ ಬಂದೆ.