ಮುಯ್ಯಿ ಒಪ್ಪದ ಸಾಫ್ಟ್‌ವೇರ್

ಭಾನು ಓದಿದ್ದೇ ರಬ್ಬರ್ ವಾಷರಿನ ದುಡಿಮೆಯಲ್ಲಿ. ಬಾಗಲೂರಿನ ಅವಳ ಬೀದಿಯ ಹೆಂಗಸರು ಜೂಜುವಾಡಿಯ ಫ್ಯಾಕ್ಟರಿಯಿಂದ ಮೂಟೆ ತರಿಸಿಕೊಂಡು, ಜಗಲಿ ಮೇಲೆ ಕೂತು, ವಾಷರುಗಳ ಅಂಚಿಗಂಟಿದ ಹೆಚ್ಚುವರಿ ರಬ್ಬರನ್ನು ಕತ್ತರಿಸಿ ಕೊಡುತ್ತಾರೆ. ಅದೂ ಮುಯ್ಯಿಯ ಮೇಲೆ: ಇವತ್ತು ನಿನ್ನ ಮೂಟೆಗೆ ನಾನು, ನಾಳೆ ನನ್ನದಕ್ಕೆ ನೀನು. ಒಬ್ಬಳ ಮೂಟೆ ಇನ್ನೊಬ್ಬಳ ಮನೆಯಲ್ಲಿ ಮುಗಿದು, ಅಲ್ಲಿಂದಲೇ ಫ್ಯಾಕ್ಟರಿಗೆ ಹೋಗುವುದೂ ಉಂಟು. ಭಾನು ಕಾಲೇಜಿನಲ್ಲಿದ್ದಾಗ ಅವ್ವ ವರಲಕ್ಷ್ಮಮ್ಮ ಕೈ ಮುರಿದುಕೊಂಡಿದ್ದಳು. ಆಗ ಅವಳ ಮೂಟೆಗಳನ್ನೆಲ್ಲ ಬೀದಿಯೇ ಮುಗಿಸಿಕೊಟ್ಟಿತ್ತು.

ಈಗ ಅದೇ ಫ್ಯಾಕ್ಟರಿಯ ಕಂಪ್ಯೂಟರ್ ವಿಭಾಗಕ್ಕೆ ಭಾನು ಮುಖ್ಯಸ್ಥೆ. ಇಡೀ ಕಂಪನಿಯ ವ್ಯವಹಾರ ನೋಡಿಕೊಳ್ಳುವ ದೊಡ್ಡ ಸಾಫ್ಟ್‌ವೇರೊಂದನ್ನು ಮಾಲೀಕ ಗೋಪಿನಾಥ್ ಮೆಚ್ಚಿಕೊಂಡಿದ್ದರು. ಭಾನು ಪರೀಕ್ಷಿಸಿ ಹೂಂ ಅನ್ನುವುದಷ್ಟೇ ಬಾಕಿ. ಆದರೆ ಆ ಹಾಳಾದ್ದು ಮೂಟೆಗೆ ಒಂದೇ ಹೆಸರು ಕೇಳುತ್ತಿತ್ತು. ಒಂದು ಮನೆಗೆ ಹೋದ ಮೂಟೆ ಇನ್ನೊಂದು ಮನೆಯಿಂದ ಬಂದರೆ ವಾಪಸ್ ತೆಗೆದುಕೊಳ್ಳುವುದೇ ಇಲ್ಲ! ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಮಾರಲು ಬಂದಿದ್ದ ಪ್ರಮೋದ್ ನಕ್ಕ. "ದೊಡ್ಡ ದೊಡ್ಡ ಕಂಪನಿಗಳೇ ಹೀಗೆ ನಡೀತಿವೆ ಮೇಡಂ. ನಿಮ್ಮ ಪದ್ಧತಿ ಬದಲಾಯಿಸಿಕೊಳ್ಳಿ."

"ಮನೆಗಳಿಗೆ ಮೂಟೆ ಕಳಿಸೋದೇ ನಿಲ್ಲಿಸಿಬಿಡೋಣಮ್ಮ," ಎಂದರು ಗೋಪಿನಾಥ್. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

ಭಾನುವಿಗೆ ಮೈಯೆಲ್ಲ ಉರಿದುಹೋಯಿತು. ಬೀದಿಗೆ ಬೀದಿಯ ಅನ್ನ ಕಿತ್ತುಕೊಳ್ಳುವ ಮಾತನ್ನು ಎಷ್ಟು ಸಲೀಸಾಗಿ ಆಡಿಬಿಟ್ಟರಲ್ಲ!

"ಕಾಸು ಕೊಟ್ಟು ತರೋ ಹಾಸಿಗೆ ನಮ್ಮ ಕಾಲಳತೆಗಿರ್ಬೇಕು ಸಾರ್. ಗಿಡ್ಡ ಹಾಸಿಗೆ ತಂದು ಕಾಲು ಕತ್ತರಿಸ್ಕೊ ಅಂದ್ರೆ ಹೆಂಗೆ? ನಾನು ಹೂಂ ಅನ್ನಲ್ಲ."

"ನಿಮ್ಮಮ್ಮನ ಬೀದಿ ಅಂತ ಹಿಂಗಾಡ್ತಿದ್ದೀಯಾ?"

"ಹೌದು, ಅದಕ್ಕೂ ಸೇರಿ! ಮುಚ್ಚಿಡೋದೇನೈತೆ? ಆದ್ರೆ ಹಬ್ಬ ಇರಲಿ, ಹೆರಿಗೆ ಇರಲಿ, ನಿಮ್ಮ ಮಾಲು ಒಂದು ದಿನಾನೂ ತಡ ಆಗಿಲ್ಲ. ಅದು ಆ ಮುಯ್ಯಿಯಿಂದ್ಲೇ ಸಾರ್. ಅದನ್ನ ತೆಗೆದ್ರೆ ಲಾರಿ ಮಾಲಿಗೆ ಕಾಯ್ತಾ ಗೇಟಲ್ಲೇ ನಿಂತಿರ್ತದೆ."

"ಹಂಗಾದ್ರೆ ಬೇರೆ ಸಾಫ್ಟ್‌ವೇರ್ ಹುಡುಕು. ಸಿಗದಿದ್ರೆ ನೀನೂ ಬೇರೆ ಕೆಲಸ ಹುಡುಕ್ಕೊ."

ಹುಡುಕಿದಳು. ಬಂದವರೆಲ್ಲ ತಮ್ಮ ಸರಕನ್ನೇ ಹೊಗಳಿ ಹೋದರು. ಕೃಷ್ಣಗಿರಿಯ ಪುಟ್ಟ ಕಂಪನಿಯ ಸಹನಾ ಮಾತ್ರ, "ಮೊದಲು ನಿಮ್ಮ ಬೀದಿ ತೋರಿಸಿ," ಎಂದಳು. ಜಗಲಿ ಮೇಲೆ ಕೂತು ಮೂಟೆಗಳ ಓಡಾಟವನ್ನೆಲ್ಲ ನೋಡಿದಳು. ಅವಳು ಮಾಡಿಕೊಟ್ಟ ಸಾಫ್ಟ್‌ವೇರಿನಲ್ಲಿ ಮೂಟೆ ಹೋಗುವುದು ಬೀದಿಯ ಹೆಸರಿಗೆ, ಬರುವುದು ಯಾರ ಕೈಯಿಂದಾದರೂ ಸರಿ. ಗೋಪಿನಾಥ್ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಆ ಸಂಜೆ ಅವ್ವ ಕೇಳಿದಳು: "ಅಲ್ಲ ಕಣೇ, ನಿನ್ ಕೆಲ್ಸಾನೇ ಹೋಗ್ಬುಟ್ಟಿದ್ರೆ ಏನ್ ಮಾಡ್ತಿದ್ದೆ?"

ಭಾನು ಪಕ್ಕದ ಮನೆಯವರ ಮೂಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕತ್ತರಿ ಹಿಡಿದಳು.

"ಇಲ್ಲೇ ಕೂತು ಕತ್ತರಿಸ್ತಿದ್ದೆ ಕಣವ್ವ. ನಿನ್ ಕೈ ಮುರಿದಾಗಿನ ಮುಯ್ಯಿ ಇನ್ನೂ ತೀರಿಲ್ವಲ್ಲ."