ಗಂಗಕ್ಕ ಹಾಕಿಸಿದ ಚಿಲಕ

ದೋಸ್ತರೇ, ಇವತ್ತ ಕಡೀಗೂ ನಮ್ಮ ಖೋಲಿಗಿ ಚಿಲಕ ಬಂತು ನೋಡ್ರಿ.

ಜಿಂಕಿ, ಪಕ್ಷಿ ನೋಡ್ಲಾಕ ಬರೋ ಮಂದಿಗಂತ ಉಮರ್ಗಾ ಹತ್ರದ ನಮ್ಮ ಹಳ್ಳ್ಯಾಗ ನಾವು ಹೆಣ್ಮಕ್ಕಳು ಕೂಡಿ ಕಟ್ಟಿದ ಮಣ್ಣಿನ ಖೋಲಿ ಅದು. ಬಂದವರೆಲ್ಲ ಊಟ ಚಲೋ ಅಂತಾರ, ಬಾಗಲಿಗಿ ಒಳಗ ಚಿಲಕಿಲ್ಲಂತ ಸ್ಟಾರ್ ಕಡಿಮಿ ಕೊಡ್ತಾರ. ಹೋದ ತಿಂಗಳು ಇಬ್ಬರು ಬುಕಿಂಗೇ ಕ್ಯಾನ್ಸಲ್ ಮಾಡಿದ್ರು.

ಇವತ್ತ ಮುಂಜಾನಿ ಪುಣೆದಿಂದ ಬಂದಿದ್ದ ಮೇಡಮ್ಮೋರು ಹೊರಡೋ ಮುಂದ ಕೇಳೇಬಿಟ್ರು: "ಮಾವಶಿ, ಕಡೀ ನಸೇಲ ತರ ಝೋಪ ಕಶಿ ಯೇಣಾರ?" ಚಿಲಕಿಲ್ಲಂದ್ರ ನಿದ್ದಿ ಹ್ಯಾಂಗ ಬರ್ತದಂತ.

ಅಡಗಿ ನೋಡ್ಕೊಳ್ಳೋ ಗಂಗಕ್ಕ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಭೂಕಂಪ ಆದಾಗ ನಮ್ಮತ್ತಿ ಒಳಗ ಚಿಲಕ ಹಾಕ್ಕೊಂಡು ಮಲಗಿದ್ಳವ್ವ. ನಾ ಹೊರಗಿಂದ ಒದ್ದೆ, ಒದ್ದೆ. ಬಾಗಲಾ ತೆರೀಲಿಲ್ಲ," ಅಂದಳು.

ನನಗ ಇಬ್ಬರ ಮಾತೂ ಖರೇ ಅನಿಸ್ತು.

ಮಧ್ಯಾಹ್ನ ನಾನೇ ಬಡಿಗೇರನ್ನ ಕರೆಸಿದೆ. ಅಂವಾ ಚೀಲದಾಗಿಂದ ಉದ್ದನ ಸ್ಕ್ರೂ ತೆಗೆದ. "ಅವು ಬ್ಯಾಡ. ಸಣ್ಣವು ಎರಡೇ ಹಾಕು," ಅಂತ ಗಂಗಕ್ಕ ಅಡ್ಡ ನಿಂತಳು. ಹಾಕಿದ ಮ್ಯಾಲ ನನ್ನ ಒಳಗ ಕಳಿಸಿ ಚಿಲಕ ಹಾಕಿಸಿದಳು. ಹೊರಗಿಂದ ಒಂದೇ ಒದ್ದಳು. ಚಿಲಕ ಕಿತ್ತು ನನ್ನ ಕಾಲ ಹತ್ರ ಬಂದು ಬಿತ್ತು.

"ಹಾಂ, ಈಗ ಬರೋಬ್ಬರಿ ಅದ. ಹಂಗೇ ವಾಪಸ್ ಕೂಡಿಸು," ಅಂದಳು ಬಡಿಗೇರಗ.

ಇನ್ನ ಬರೋರು ಚಿಲಕ ಹಾಕ್ಕೊಂಡು ಬಿಂದಾಸ್ ಮಲಗ್ರಿ. ಒದಿಲಾಕ ಗಂಗಕ್ಕ ಬಾಜೂ ಮನ್ಯಾಗೇ ಇರ್ತಾಳ.